ಸುಣ್ಣದ ಗೋಡೆಯೋ, ಪೇಂಟಿನ ಗೋಡೆಯೋ

ಕಾರ್ತಿಕ ಮುಗಿಯುವ ಹೊತ್ತಿಗೆ ಹೊಳಲ್ಕೆರೆಯ ನಮ್ಮ ಸೋದರತ್ತೆಯ ಮನೆಯಲ್ಲಿ ಬೀರು ಸರಿಸಿದೆವು. ಹಿಂದಿನ ಗೋಡೆಯ ತುಂಬ ಬೂದು ಹಸಿರು ಬೂಸ್ಟು. ಬೀರುವಿನೊಳಗಿನ ರೇಷ್ಮೆ ಸೀರೆಯ ಮಡಿಕೆಗಳ ಮೇಲೂ ಬಿಳಿ ಚುಕ್ಕೆ. ಆ ಕೋಣೆಗೆ ಪುಟ್ಟಿ ಹಾಕಿ ಪೇಂಟು ಹೊಡೆಸಿ ಎರಡು ವರ್ಷವೂ ಆಗಿರಲಿಲ್ಲ. ಪಕ್ಕದ ಕೋಣೆ ಹಳೇ ಮನೆಯದ್ದು. ಮಣ್ಣಿನ ಗೋಡೆ, ಮೇಲೆ ಸುಣ್ಣ. ಅಲ್ಲಿ ಒಂದು ಕಲೆಯೂ ಇರಲಿಲ್ಲ. “ನೋಡಪ್ಪ, ಸುಣ್ಣನೇ ಚೆನ್ನಾಗಿತ್ತು” ಎಂದರು ಅತ್ತೆ. “ವರ್ಷವರ್ಷ ಏಣಿ ಹತ್ತೋರು ಯಾರವ್ವ?” ಎಂದ ಅವರ ಮಗ. ಇಬ್ಬರ ಮಾತಿನಲ್ಲೂ ಹುರುಳಿದೆ. ಊರೂರಲ್ಲೂ ಈ ಮಾತು ನಡೆದಿರುವುದರಿಂದ ಎರಡನ್ನೂ ತೂಗಿ ನೋಡುವುದು ಒಳ್ಳೆಯದು.

ನಮ್ಮದು ಬರದ ಜಿಲ್ಲೆ. ನಾವು ಮಳೆಗಾಗಿ ಕಾಯುವವರು. ಮಳೆಯಿಂದ ಮನೆ ಕಾಯುವ ಅಭ್ಯಾಸ ಮಲೆನಾಡಿನವರಿಗೆ ಇರುವಷ್ಟು ನಮಗಿಲ್ಲ. ಆದರೆ ಚಿತ್ರದುರ್ಗ ಸೀಮೆಗೆ ಬರುವ ಮಳೆಯಲ್ಲಿ ದೊಡ್ಡ ಪಾಲು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದರ ಬಾಲ ನವೆಂಬರ್, ಡಿಸೆಂಬರಿಗೂ ಚಾಚುತ್ತದೆ. 2021ರ ನವೆಂಬರಿನಲ್ಲಿ ಹಿಡಿದ ಮಳೆಗೆ ಎಷ್ಟು ಮಣ್ಣಿನ ಮನೆಗಳ ಗೋಡೆ ಕುಸಿದವೆಂದು ನಮಗೆಲ್ಲ ನೆನಪಿದೆ. ಹಿರಿಯೂರಿನ ಹಳಬರು ಮಾರಿಕಣಿವೆ ಎಂದೇ ಕರೆಯುವ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಆಗ ಹೊಸದುರ್ಗದ ಕಡೆಯ ಹಿನ್ನೀರಿನ ಊರುಗಳಲ್ಲಿ ತೋಟಕ್ಕೂ ಮನೆಗೂ ನೀರು ಬಂತು. ಮತ್ತೆ 130 ಅಡಿ ತುಂಬಿ ಕೋಡಿ ಹರಿದದ್ದು 2025ರ ಜನವರಿಯಲ್ಲಿ, ನಡುಚಳಿಯಲ್ಲಿ. ಗೋಡೆ ಹೀರಿದ ನೀರು ಆರುವ ಮೊದಲೇ ಚಳಿ ಬಂದುಬಿಡುತ್ತದೆ. ನಾವು ಕಿಟಕಿ ಮುಚ್ಚುತ್ತೇವೆ. ಬಚ್ಚಲ ಹಬೆ, ಅನ್ನದ ಹಬೆ, ಒಳಗೇ ಹರವಿದ ಒದ್ದೆ ಬಟ್ಟೆ, ಎಲ್ಲದರ ತೇವವೂ ತಣ್ಣಗಿರುವ ಗೋಡೆ ಹುಡುಕಿಕೊಂಡು ಹೋಗಿ ಕೂರುತ್ತದೆ.

ಮೊದಲು ಸುಣ್ಣದ ಪರ ಹೇಳಬೇಕಾದದ್ದು. ಸುಣ್ಣ ತೀಕ್ಷ್ಣವಾದ ಕ್ಷಾರ. ಹೊಸದಾಗಿ ಬಳಿದ ಸುಣ್ಣದ ಮೇಲೆ ಬೂಸ್ಟಿಗೆ ಬೇರೂರಲು ಆಗುವುದಿಲ್ಲ. ಗೋಡೆಯೊಳಗಿನ ತೇವವನ್ನು ಅದು ತಡೆಯದೆ ಹೊರಗೆ ಬಿಡುತ್ತದೆ, ಹಾಗಾಗಿ ನೆನೆದ ಗೋಡೆ ಬಿಸಿಲು ಬಿದ್ದರೆ ಆರುತ್ತದೆ. ಮಣ್ಣಿನ ಗೋಡೆಗೆ, ಗಾರೆಯ ಕಲ್ಲಿನ ಗೋಡೆಗೆ ಇದಕ್ಕಿಂತ ಹೊಂದುವ ಲೇಪವನ್ನು ನಾನು ಕಂಡಿಲ್ಲ.

ಆದರೆ ಸುಣ್ಣದ ಮಿತಿಯನ್ನೂ ಅಷ್ಟೇ ನೇರವಾಗಿ ಹೇಳಬೇಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಅದು ಮತ್ತೆ ಸುಣ್ಣಕಲ್ಲೇ ಆಗುತ್ತದೆ, ಕ್ಷಾರ ತಗ್ಗುತ್ತದೆ. ವರ್ಷಕ್ಕೊಮ್ಮೆ ಬಳಿಯಬೇಕಾದದ್ದು ಅದಕ್ಕೇ. ಒರಗಿದರೆ ಬೆನ್ನೆಲ್ಲ ಬಿಳಿ. ಅರಳಿಸುವಾಗ ಕಣ್ಣಿಗೆ ಸಿಡಿದರೆ ಅಪಾಯ. ಮುಖ್ಯವಾಗಿ, ಎರಚಲು ಮಳೆಯನ್ನು ಸುಣ್ಣ ತಡೆಯುವುದಿಲ್ಲ. 2021ರಲ್ಲಿ ಬಿದ್ದ ಗೋಡೆಗಳಿಗೂ ಸುಣ್ಣ ಬಳಿದಿತ್ತು. ದುರ್ಗದ ಕೋಟೆಯೊಳಗೆ ನಾಯಕರ ಕಾಲದ ಮಣ್ಣಿನ ಗೋಡೆಗಳು ಮಾಡು ಇಲ್ಲದೆಯೂ ಇಂದಿಗೂ ನಿಂತಿವೆ, ನಿಜ. ಅವುಗಳ ಕೆಳಗೆ ಬಂಡೆಯಿದೆ, ಬಿದ್ದ ನೀರು ನಿಲ್ಲದೆ ಹೊಂಡಗಳಿಗೆ ಇಳಿಯುತ್ತದೆ. ನಮ್ಮ ಬೀದಿಗಳಲ್ಲಿ ಹಾಗಿಲ್ಲ. ಸಿಸಿ ರಸ್ತೆ ಪ್ರತಿ ಸಲವೂ ಏರಿ, ಹಳೇ ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗಾಗಿದೆ. ಬುಡದಲ್ಲಿ ನೀರು ನಿಂತ ಗೋಡೆಯನ್ನು ಯಾವ ಸುಣ್ಣವೂ ಉಳಿಸದು.

ಮಾಳಿಗೆಯದೂ ಇದೇ ಕಥೆ. ತೊಲೆ, ಜಂತೆಯ ಮೇಲೆ ಹಾಕುವ ಕರಲು ಮಣ್ಣು ನೆನೆದಾಗ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬಲ್ಲವರು ಕಂಡುಕೊಂಡ ಸೊಗಸಾದ ಉಪಾಯ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹೊತ್ತು ಹಾಕುವವರಿದ್ದರೆ ಮಾತ್ರ.

ಇನ್ನು ಪೇಂಟು. ಆರ್‌ಸಿಸಿ ಮನೆಯ ಹೊರಗೋಡೆಗೆ, ಅದರಲ್ಲೂ ಮಳೆಯ ಹೊಡೆತ ಬೀಳುವ ಕಡೆಗೆ, ಒಳ್ಳೆಯ ಎಕ್ಸ್‌ಟೀರಿಯರ್ ಪೇಂಟು ಬೇಕೇ ಬೇಕು. ಹಲವು ವರ್ಷ ಬಾಳುತ್ತದೆ. ಒಳಗೂ ಮಕ್ಕಳು ಗೀಚಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಸುಣ್ಣ ಹೊಡೆಯುವ ಆಳು ಸಿಗದ ಊರಿನಲ್ಲಿ, ಇಬ್ಬರೇ ವಯಸ್ಸಾದವರು ಇರುವ ಮನೆಯಲ್ಲಿ, ಇದು ಸಣ್ಣ ಅನುಕೂಲವಲ್ಲ. ನಮ್ಮ ಅತ್ತೆಯ ಮಗನನ್ನು ಸೋಮಾರಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ತೊಂದರೆ ಆಗುವುದು ನೆನೆದ ಗೋಡೆಯ ಮೇಲೆ ಬಳಿದಾಗ. ಪೇಂಟು ಪೊರೆಯಂತೆ ಮುಚ್ಚಿಕೊಳ್ಳುತ್ತದೆ, ಒಳಗಿನ ನೀರಿಗೆ ದಾರಿಯಿಲ್ಲ. ನಮ್ಮ ಬೋರಿನ ಗಡಸು ನೀರಿನಲ್ಲಿ ಕಟ್ಟಿದ ಗೋಡೆ ಉಪ್ಪು ಬಿಡುತ್ತದೆ, ಪುಟ್ಟಿ ಉಬ್ಬಿ ಹಪ್ಪಳದಂತೆ ಏಳುತ್ತದೆ. ಅದರ ಮೇಲೆ ಇನ್ನೊಂದು ಕೋಟು ಹೊಡೆಸುವುದು ಹುಣ್ಣಿನ ಮೇಲೆ ಬಟ್ಟೆ ಹೊದಿಸಿದಂತೆ.

ಹಾಗಾದರೆ ನೀರು ಎಲ್ಲಿಂದ ಬರುತ್ತಿದೆ? ಗೋಡೆಗೆ ಎರಡು ಗೇಣಿನ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪಿನಿಂದ ಬಿಗಿದು ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿನದು: ತಾರಸಿ, ಪೈಪು, ಬುಡ ನೋಡಿಸಿ. ಹೊರಮೈಯಲ್ಲಿ ಕಂಡರೆ ಕೋಣೆಯ ಹಬೆ: ಕಿಟಕಿ ತೆಗೆಯಿರಿ. ಅತ್ತೆಯ ಮನೆಯಲ್ಲಿ ಒಳಮೈ ಒದ್ದೆಯಾಗಿತ್ತು. ಗೋಡೆಯಾಚೆ ಬಚ್ಚಲ ಪೈಪಿನ ಜಾಯಿಂಟು ಸೋರುತ್ತಿತ್ತು. ಮೇಲಾಗಿ ಅದು ಉತ್ತರದ ಗೋಡೆ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಆ ಗೋಡೆಗೆ ತಿಂಗಳುಗಟ್ಟಲೆ ಬಿಸಿಲೇ ಇಲ್ಲ.

ಬೂಸ್ಟನ್ನು ಬರೀ ಅಂದಗೇಡು ಎಂದು ನಾನು ಬಿಡಲಾರೆ. ಹಿರಿಯೂರಿನ ಕಡೆ ಶೇಂಗಾ ಚೀಲ, ಹೊಸದುರ್ಗದಲ್ಲಿ ಕೊಬ್ಬರಿ, ಹೊಳಲ್ಕೆರೆಯಲ್ಲಿ ಅಡಿಕೆ ಇದೇ ಗೋಡೆಗಳಿಗೆ ಆನಿಕೊಂಡು ಇರುತ್ತವೆ. ತೇವ ಹಿಡಿದ ಶೇಂಗಾದಲ್ಲಿ ಬೆಳೆಯುವ ಒಂದು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಈರಲಿಗೆ ಕೇಡು, ಹುರಿದರೂ ಪೂರ್ತಿ ಹೋಗುವುದಿಲ್ಲ. ಉಬ್ಬಸ ಇರುವವರಿಗಂತೂ ಬೂಸ್ಟಿನ ಕೋಣೆಯಲ್ಲಿ ಮಲಗುವುದೇ ಕಷ್ಟ.

ನನ್ನ ತೀರ್ಮಾನ ಇಷ್ಟು. ಮಣ್ಣಿನ, ಗಾರೆಯ ಹಳೇ ಗೋಡೆಗೆ ಒಳಗೂ ಹೊರಗೂ ಸುಣ್ಣ, ಮೇಲೆ ಸಾಕಷ್ಟು ಹೊರಚಾಚಿದ ಸೂರು. ಸಿಮೆಂಟಿನ ಹೊರಗೋಡೆಗೆ ಪೇಂಟು. ಒಳಗೆ ಗೋಡೆ ಒಣಗಿದ್ದರೆ ಯಾವುದಾದರೂ ಸರಿ. ಆದರೆ ಪೇಂಟಿನ ಮೇಲೆ ಸುಣ್ಣ ನಿಲ್ಲದು, ಕೆರೆದೇ ಬಳಿಯಬೇಕು. ಎರಡಕ್ಕಿಂತಲೂ ಮುಖ್ಯವಾದದ್ದು ಕಾಲ. ಮಳೆ ನಿಂತ ವಾರದಲ್ಲೇ ದೀಪಾವಳಿಗೆಂದು ಬಳಿಸುವ ಆತುರದಲ್ಲಿ ನಾವು ನೀರನ್ನೇ ಗೋಡೆಯೊಳಗೆ ಹಾಕಿ ಮುಚ್ಚುತ್ತಿದ್ದೇವೆ. ಶಿವರಾತ್ರಿಯವರೆಗೆ ಗೋಡೆ ಆರಲಿ, ಯುಗಾದಿಗೆ ಬಳಿಸಿ. ಅತ್ತೆ ಮತ್ತು ಮಗ ಇದಕ್ಕೆ ಒಪ್ಪಿದ್ದಾರೆ. ಪುಟ್ಟಿ ಕೆರೆದ ಗೋಡೆ ಈಗ ಬೆತ್ತಲೆ ಇದೆ, ಬೀರು ನಡುಮನೆಗೆ ಬಂದಿದೆ.

ನಿಮ್ಮ ಮನೆಯಲ್ಲಿ ಗೋಡೆಗೆ ಆನಿಸಿಟ್ಟ ಶೇಂಗಾ ಚೀಲವಿದ್ದರೆ, ಈ ರಾತ್ರಿಯೇ ಒಂದು ಗೇಣು ಈಚೆಗೆ ಎಳೆದು, ಕೆಳಗೆ ಎರಡು ಹಲಗೆ ಕೊಡಿ.