ಹಳೆಯ ದೋಣಿ ಮೋಟಾರಿನ ಹಲ್ಲು ನೋಡುವ ಬಗೆ

ಮೂಡಲಗಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಾ? ಬೆಲೆಯ ಮಾತು ಕಡೆಗೆ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಹೆಗಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅದೇ ಮನುಷ್ಯ ಹಳೆಯ ಯಂತ್ರ ಕೊಳ್ಳಲು ಹೋದಾಗ ಹೊಸ ಬಣ್ಣ ಕಂಡು, ಒಮ್ಮೆ ಗುರ್ ಎಂದ ಸದ್ದು ಕೇಳಿ, ಮುಂಗಡ ಕೊಟ್ಟು ಬಂದುಬಿಡುತ್ತಾನೆ. ಅಗ್ಗವೆಂದು ಮುಗ್ಗಲು ಜೋಳ ಕೊಂಡಂತೆ! ಯಂತ್ರಕ್ಕೂ ಹಲ್ಲುಂಟು, ಅದನ್ನು ನೋಡುವ ಕಣ್ಣು ಬೇಕು. ಆ ಕಣ್ಣು ನಮ್ಮ ಹತ್ತನೆಯ ತರಗತಿಯ ವಿಜ್ಞಾನದಲ್ಲೇ ಇದೆ.

ಬಯಲು ಸೀಮೆಗೆ ದೋಣಿಯ ಮೋಟಾರೇಕೆ ಎನ್ನಬೇಡಿ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯಗಳೆರಡೂ ಉಕ್ಕಿ ಗೋಕಾಕ ಪಟ್ಟಣದೊಳಗೇ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ಅಂಥ ದಿನ ಕಂಡ ಊರಿನ ತರುಣರು ‘ನಮ್ಮದೇ ಒಂದು ದೋಣಿ ಇರಲಿ, ಹಳೆಯದಾದರೂ ಒಂದು ಮೋಟಾರು ಇರಲಿ’ ಎನ್ನುವುದು ಸಹಜ. ಆಸೆ ಒಳ್ಳೆಯದೇ. ಆದರೆ ದಂಡೆಯ ಮೇಲಿನ ಪಂಪ್‌ಸೆಟ್ ಕೆಟ್ಟರೆ ಒಂದು ದಿನದ ನೀರು ಹೋದೀತು. ನಡುನೀರಿನಲ್ಲಿ ಮೋಟಾರು ಕೆಟ್ಟರೆ ಹೋಗುವುದು ಬೇರೆ.

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಮೋಟಾರು ಎನ್ನುತ್ತಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಇದನ್ನು ಮಾರಾಟಕ್ಕೆ ತಂದು ಹೆಸರಾದ. ಮೆಚ್ಚಿದ ಹುಡುಗಿಗಾಗಿ ಕೆರೆ ದಾಟಿ ಐಸ್‌ಕ್ರೀಂ ತರುವಷ್ಟರಲ್ಲಿ ಅದು ಕರಗಿಹೋಯಿತು, ಹುಟ್ಟು ಹಾಕಿ ದಣಿದ ಆತನಿಗೆ ಯಂತ್ರದ ಯೋಚನೆ ಬಂತು ಎಂಬ ಕಥೆಯೂ ಇದೆ. ನಮ್ಮ ರಾಜ್ಯದಲ್ಲಿ ಇವು ಹೆಚ್ಚಾಗಿ ದುಡಿಯುವುದು ಕರಾವಳಿಯ ನಾಡದೋಣಿಗಳಲ್ಲಿ. ಹೀಗಾಗಿ ಹಳೆಯ ಮೋಟಾರು ಸಮುದ್ರದ ಉಪ್ಪು ಉಂಡು ಬಂದಿರುವ ಸಂಭವವೇ ಜಾಸ್ತಿ.

ಮೊದಲ ಪರೀಕ್ಷೆ ಅಲ್ಲಿಂದಲೇ. ಮೋಟಾರಿನ ಕೆಳಭಾಗದಲ್ಲಿ ಒಂದು ಸಣ್ಣ ಸತುವಿನ ತುಂಡು ಇರುತ್ತದೆ. ತಾನು ಸವೆದು ಅಲ್ಯುಮಿನಿಯಂ ಮೈಯನ್ನು ಕಾಯುವ ಬಲಿಪಶು ಅದು. ಜಾಣ ವಿದ್ಯಾರ್ಥಿ ಇಲ್ಲಿ ಕೈ ಎತ್ತುತ್ತಾನೆ: ‘ಸರ್, ಕ್ರಿಯಾಶೀಲತೆಯ ಸರಣಿಯಲ್ಲಿ ಅಲ್ಯುಮಿನಿಯಂ ಸತುವಿಗಿಂತ ಮೇಲಿದೆಯಲ್ಲ?’ ಹೌದು; ಆದರೆ ಅಲ್ಯುಮಿನಿಯಂ ಮೇಲೆ ಆಕ್ಸೈಡಿನ ತೆಳುಪದರ ಕೂತಿರುವುದರಿಂದ ಉಪ್ಪುನೀರಿನಲ್ಲಿ ಮೊದಲು ಸವೆಯುವುದು ಸತುವೇ. ಆ ತುಂಡು ಪೂರ್ತಿ ಕರಗಿಹೋಗಿದ್ದರೆ, ಅಥವಾ ಅದರ ಮೇಲೂ ಬಣ್ಣ ಬಳಿದಿದ್ದರೆ, ಒಡಲು ತೂತಾಗತೊಡಗಿದೆಯೇ ಎಂದು ಉಗುರಿನಿಂದ ಕೆರೆದು ನೋಡಿ. ನಮ್ಮ ಸಿಹಿನೀರಿಗೆ ತಂದ ಮೇಲೆ ಸತುವಿನ ಬದಲು ಮೆಗ್ನೀಷಿಯಂ ತುಂಡು ಹಾಕಿಸಬೇಕು. ಸಿಹಿನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ.

ಎರಡನೆಯದು ತಂಪು. ಈ ಮೋಟಾರುಗಳು ಸಾಮಾನ್ಯವಾಗಿ ನದಿಯ ನೀರನ್ನೇ ಮೇಲೆತ್ತಿ ಮೈ ತಂಪು ಮಾಡಿಕೊಳ್ಳುತ್ತವೆ. ಎತ್ತುವುದು ರಬ್ಬರಿನ ಒಂದು ಪುಟ್ಟ ಇಂಪೆಲ್ಲರ್. ನೀರಿಲ್ಲದೆ ಪಂಪ್‌ಸೆಟ್ ಓಡಿಸಬಾರದೆಂದು ರೈತರ ಮಕ್ಕಳಿಗೆ ಹೇಳಬೇಕಿಲ್ಲ. ಇಲ್ಲಿಯೂ ಅದೇ ನಿಯಮ. ಆದ್ದರಿಂದ ಅಂಗಡಿಯ ನೆಲದ ಮೇಲೆ ಒಣದಾಗಿ ಚಾಲೂ ಮಾಡಿ ತೋರಿಸಿದರೆ ಒಪ್ಪಬೇಡಿ. ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಲು ಹೇಳಿ. ಪಕ್ಕದ ಸಣ್ಣ ರಂಧ್ರದಿಂದ ನೀರಿನ ಧಾರೆ ಬಿಡದೆ ಚಿಮ್ಮುತ್ತಿರಬೇಕು. ಕಪ್ಪುಮಣ್ಣಿನ ಸೀಮೆಯ ಕೆಂಪಡರಿದ ನೆರೆನೀರು ಆ ಕಿರುದಾರಿಗಳನ್ನು ಹೂಳಿನಿಂದ ಮುಚ್ಚುವುದರಲ್ಲಿ ನಿಸ್ಸೀಮ.

ಮೂರನೆಯ ಮಾತು ಮರೆಯಬೇಡಿ: ಹೋದೊಡನೆ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುನ್ನವೇ ಓಡಿಸಿಟ್ಟಿದ್ದಾರೆ ಎಂದರ್ಥ. ದಣಿದ ಎಂಜಿನ್ ಬಿಸಿಯಲ್ಲಿ ಹತ್ತುತ್ತದೆ, ತಣ್ಣಗಿದ್ದಾಗ ಮೊಂಡು ಹಿಡಿಯುತ್ತದೆ. ತಣ್ಣಗಾಗಲು ಬಿಟ್ಟು ಮತ್ತೆ ಹಗ್ಗ ಎಳೆಸಿ. ಒಬ್ಬ ಮೆಕ್ಯಾನಿಕ್‌ನನ್ನು ಕರೆದೊಯ್ದು ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ಕಂಪ್ರೆಶನ್ ಅಳೆಯಿಸಿ. ಎರಡು ಸಿಲಿಂಡರ್ ಇದ್ದರೆ ಅವುಗಳ ಅಳತೆಯಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಅಂತರ ಇರಬಾರದು. ಒಂದರಲ್ಲಿ ಇಳಿದಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಗ್ಯಾಸ್ಕೆಟ್ ಹೋಗಿರಬಹುದು. ಅದು ಸಣ್ಣ ರಿಪೇರಿಯಲ್ಲ.

ನಾಲ್ಕನೆಯದು ಗೇರ್ ಎಣ್ಣೆ. ಕೆಳಗಿನ ತಿರುಪು ಸಡಿಲಿಸಿ ನಾಲ್ಕು ಹನಿ ಬೆರಳಿಗೆ ತೆಗೆದುಕೊಳ್ಳಿ. ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಗೆ ನೀರು ಹೊಕ್ಕಿದೆ. ಲೋಹದ ಚೂರು ಕಂಡರೆ ಗೇರಿನ ಹಲ್ಲು ಉದುರುತ್ತಿದೆ. ಸಂತೆಯ ಹಲ್ಲು ಪರೀಕ್ಷೆ ಇಲ್ಲಿ ಅಕ್ಷರಶಃ ನಿಜ! ಪ್ರೊಪೆಲ್ಲರ್ ಬಿಚ್ಚಿಸಿ ದಂಡಕ್ಕೆ ಬಲೆಯ ನೂಲು ಸುತ್ತಿದೆಯೇ ನೋಡಿ. ಸೀಲು ಕತ್ತರಿಸಿ ನೀರಿಗೆ ದಾರಿ ಮಾಡುವುದು ಬಹಳ ಸಲ ಆ ನೂಲೇ.

ಇಷ್ಟೆಲ್ಲ ಸರಿಯಿದ್ದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ನಿಂತ ನೀರಿನಲ್ಲಿ ದೋಣಿಯನ್ನು ಸೆಕೆಂಡಿಗೆ 2 ಮೀಟರ್, ಅಂದರೆ ತಾಸಿಗೆ 7.2 ಕಿಲೋಮೀಟರ್ ಒಯ್ಯುವ ಸಣ್ಣ ಮೋಟಾರು ಎಂದುಕೊಳ್ಳಿ. ಹಿನ್ನೀರಿಗೆ ಅದು ಸಾಕು. ನೆರೆಯ ನದಿ ಸೆಕೆಂಡಿಗೆ 3 ಮೀಟರ್ ಹರಿಯುತ್ತಿದ್ದರೆ? ಮೂತಿ ಮೇಲಕ್ಕೆ ತಿರುಗಿಸಿ ಪೂರ್ತಿ ವೇಗ ಕೊಟ್ಟರೂ ದೋಣಿ ನಿಮಿಷಕ್ಕೆ 60 ಮೀಟರ್ ಹಿಂದಕ್ಕೇ ಸರಿಯುತ್ತದೆ. 100 ಮೀಟರ್ ಅಗಲ ದಾಟಲು ಮೂತಿಯನ್ನು ನೇರ ಆಚೆ ದಂಡೆಗೆ ಹಿಡಿದರೆ 50 ಸೆಕೆಂಡು ಬೇಕು. ಅಷ್ಟರಲ್ಲಿ ನದಿ 150 ಮೀಟರ್ ಕೆಳಗೆ ಒಯ್ದಿರುತ್ತದೆ. ನಡುವೆ ಮೋಟಾರು ನಿಂತು, ಮತ್ತೆ ಹಚ್ಚಲು ಎರಡು ನಿಮಿಷ ಹಿಡಿದರೆ ಇನ್ನೂ 360 ಮೀಟರ್. ನಮ್ಮ ಘಟಪ್ರಭೆ ಗೋಕಾಕದಲ್ಲಿ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆಂಬುದನ್ನು ಇದರ ಪಕ್ಕದಲ್ಲಿಟ್ಟು ಓದಿರಿ.

‘ಹಾಗಾದರೆ ಎರಡು ಪಟ್ಟು ಶಕ್ತಿಯ ಮೋಟಾರು ತರೋಣ’ ಎಂದರೆ ಅದೂ ನಡೆಯದು. ನೀರಿನ ತಡೆ ವೇಗದ ವರ್ಗದಂತೆ ಏರುತ್ತದೆ. ಸ್ಥೂಲವಾಗಿ ವೇಗ ಇಮ್ಮಡಿಯಾಗಲು ಶಕ್ತಿ ಎಂಟುಮಡಿ ಬೇಕು. ಭಾರದ ಮೋಟಾರು ತೂಗಿದರೆ ಸಣ್ಣ ದೋಣಿಯ ಹಿಂಬದಿಯೇ ಮುಳುಗೀತು. ಹರಿಗೋಲಿಗಂತೂ ಮೋಟಾರು ಕಟ್ಟುವ ಮಾತೇ ಬೇಡ. ದುಂಡಗಿನ ಅದು ಮುಂದೆ ಹೋಗುವ ಬದಲು ಗಿರಗಿರನೆ ತಿರುಗುತ್ತದೆ.

ಪಾಲಕರೇ, ಆದ್ದರಿಂದ ಹಳೆಯ ಮೋಟಾರು ಕೊಂಡರೆ ಅದನ್ನು ಹಿನ್ನೀರಿಗೆ, ಶಾಂತ ನೀರಿಗೆ ಇಟ್ಟುಕೊಳ್ಳಿ. ಖರೀದಿಗೆ ಮುನ್ನ ನೋಂದಣಿ, ಪರವಾನಗಿಯ ವಿಚಾರವನ್ನು ಸಂಬಂಧಪಟ್ಟ ಇಲಾಖೆಯಲ್ಲಿ ಕೇಳಿ. ಯಂತ್ರದ ನಂಬರು ರಸೀದಿಯೊಡನೆ ತಾಳೆಯಾಗಬೇಕು. ಚಾಲಕನ ಕೈಗೆ ಕಟ್ಟಿಕೊಳ್ಳುವ ಎಂಜಿನ್ ಆರಿಸುವ ದಾರ ಕೆಲಸ ಮಾಡಬೇಕು. ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಮತ್ತು ಒಂದು ಜೊತೆ ಹುಟ್ಟು ಇರಲೇಬೇಕು. ನದಿ ಉಕ್ಕಿದ ದಿನ ಮಾತ್ರ ದೋಣಿಯನ್ನು ದಂಡೆಯ ಮೇಲೆ ಭದ್ರವಾಗಿ ಕಟ್ಟಿ 112ಕ್ಕೆ ಫೋನು ಮಾಡಿ. ಆ ಕೆಲಸಕ್ಕೆಂದೇ ತರಬೇತಿ ಪಡೆದವರಿದ್ದಾರೆ, ಅವರ ಹಿಂದೆ ಎರಡನೆಯ ದೋಣಿಯೂ ಇರುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಪ್ರಶ್ನೆ: ಮೇಲಿನ ದೋಣಿ, ಮೇಲಿನ ನದಿ. ದೋಣಿಯ ಮೂತಿಯನ್ನು ಯಾವ ಕೋನಕ್ಕೆ ತಿರುಗಿಸಿದರೂ ಅದು ಹೊರಟ ಜಾಗದ ನೇರ ಎದುರಿನ ದಂಡೆಯನ್ನು ಮುಟ್ಟಲಾರದು. ಏಕೆ? ಬಾಣದ ಗುರುತಿನ ಚಿತ್ರ ಬರೆದು ಮನೆಯ ಹಿರಿಯರಿಗೆ ತೋರಿಸಿರಿ. ಮೋಟಾರು ಕೊಳ್ಳುವ ಮಾತು ಅದರ ನಂತರ ಆಗಲಿ.