ಜುಟ್ಟಿನ ಮಲ್ಲಿಗೆಯ ಲೆಕ್ಕ

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ" ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ಬಡವ ಒಂದು ಹೊಸ ಅಂಗಿ ತೊಟ್ಟರೆ ಧಣಿ ಈ ಗಾದೆ ಹೇಳುತ್ತಾನೆ. ಗಿರಣಿಯ ಹೆಣ್ಣಾಳು ಹಬ್ಬಕ್ಕೆ ಕೈತುಂಬ ಬಳೆ ಇಟ್ಟರೆ ಮೇಸ್ತ್ರಿ ಹೇಳುತ್ತಾನೆ. ಈಗ ಅದೇ ಗಾದೆಯನ್ನು, ದುಡಿದು ತಿನ್ನುವ ನಾವೇ, ನಮಗಿಂತ ಕೆಳಗೆ ತಳ್ಳಲ್ಪಟ್ಟ ಒಬ್ಬ ಹುಡುಗಿಯ ಮೇಲೆ ಎಸೆಯುತ್ತಿದ್ದೇವೆ. ಗಂಡುಮಗುವೆಂದು ಊರು ಬರೆದುಕೊಂಡಿತು. ತಾನು ಹೆಣ್ಣೆಂದು ಅವಳು ಅರಿತುಕೊಂಡಳು. ಪತ್ರಿಕೆಗಳು ಅವಳನ್ನು ಮಂಗಳಮುಖಿ ಎನ್ನುತ್ತವೆ. ಸರ್ಕಾರದ ಕಾಗದಗಳು ಲಿಂಗತ್ವ ಅಲ್ಪಸಂಖ್ಯಾತೆ ಎನ್ನುತ್ತವೆ. ಬೀದಿಯ ಬಾಯಿ ಅನ್ನುವುದನ್ನು ಇಲ್ಲಿ ಅಚ್ಚು ಹಾಕಲಾರೆವು.

ನಮ್ಮ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಇಪ್ಪತ್ತರ ಆಸುಪಾಸಿನ ಒಬ್ಬಳು ಮೆಟ್ಟಿಲು ಹತ್ತಿದಳು. ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲೀಕರು ತಲೆ ಎತ್ತದೆಯೇ ಹತ್ತು ರೂಪಾಯಿಯ ನಾಣ್ಯ ಮುಂದಕ್ಕೆ ಸರಿಸಿದರು: "ತಗೊಂಡು ಮುಂದಕ್ಕ ಹೋಗವ್ವ."

ಅವಳು ನಾಣ್ಯ ಮುಟ್ಟಲಿಲ್ಲ. "ನಾ ಬೇಡಾಕ ಬಂದಿಲ್ಲ ಅಣ್ಣಾರ. ಚೂಡಿದಾರ ತಗೊಳ್ಳಾಕ ಬಂದೀನಿ" ಎಂದಳು.

ಚೂಡಿದಾರ ತೋರಿಸಿದರು. ತೊಟ್ಟು ನೋಡುವ ಕೋಣೆಗೆ ಬಿಡಲಿಲ್ಲ. ಹೆಂಗಸರ ಕೋಣೆಗೆ ಹೋದರೆ ಬೇರೆ ಗಿರಾಕಿಗಳು ಗಲಾಟೆ ಮಾಡುತ್ತಾರಂತೆ. ಗಂಡಸರ ಕೋಣೆಗೆ ಹೋಗಲು ಅವಳಿಗೇ ಭಯ. ಕಣ್ಣಂದಾಜಿನಲ್ಲಿ 700 ರೂಪಾಯಿ ಎಣಿಸಿ ಕೊಟ್ಟು ಹೋದಳು. ಮರುದಿನ ಮತ್ತೆ ಬಂದಳು: ಭುಜದಲ್ಲಿ ಹಿಡಿಯುತ್ತದೆ, ತೋಳು ಮೊಣಕೈ ದಾಟುವುದಿಲ್ಲ. ಗೋಡೆಯ ಮೇಲಿನ ಬೋರ್ಡು ಉತ್ತರ ಹೇಳಿತು: "ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ."

ವರ್ತಕ ಮಿತ್ರರೇ, ಆ 700 ರೂಪಾಯಿ ಬಟ್ಟೆಯ ಬೆಲೆಯಾಗಲಿಲ್ಲ. ನಮ್ಮೆಲ್ಲರ ತಾತ್ಸಾರಕ್ಕೆ ಅವಳು ಕಟ್ಟಿದ ದಂಡವಾಯಿತು.

ಲೆಕ್ಕವನ್ನು ಪೂರ್ತಿ ಹಾಕೋಣ. ನಮ್ಮ ಮನೆಯ ಹೆಣ್ಣುಮಕ್ಕಳ ಪೆಟ್ಟಿಗೆ ಒಂದೇ ದಿನದಲ್ಲಿ ತುಂಬಿದ್ದಲ್ಲ. ಅಮ್ಮನ ಹಳೇ ಸೀರೆ, ಅಕ್ಕನಿಗೆ ಸಣ್ಣದಾದ ಕುಪ್ಪಸ, ಗೌರಿ ಹಬ್ಬಕ್ಕೆ ತವರಿನ ಬಾಗಿನ, ಚಿಕ್ಕಮ್ಮ ಕೊಟ್ಟ ಬಳೆ — ಹೀಗೆ ಇಪ್ಪತ್ತು ವರ್ಷ ಕೂಡಿದ್ದು. ಈ ಹುಡುಗಿಗೆ ತವರೂ ಇಲ್ಲ, ಬಾಗಿನವೂ ಇಲ್ಲ. ಮೈಮೇಲಿನ ಪ್ಯಾಂಟು ಷರ್ಟಿನಲ್ಲಿ ಮನೆಯಿಂದ ಹೊರಬಿದ್ದವಳು. ಒಳ ಉಡುಪಿನಿಂದ ತಲೆಯ ಕ್ಲಿಪ್ಪಿನವರೆಗೆ ಎಲ್ಲವನ್ನೂ ಒಮ್ಮೆಗೇ, ರೊಕ್ಕ ಕೊಟ್ಟು, ಒಬ್ಬಳೇ ಕೊಳ್ಳಬೇಕು.

ಸಂತೆಯಲ್ಲಿ 300 ರೂಪಾಯಿಗೆ ಒಂದು ಸಿಂಥೆಟಿಕ್ ಸೀರೆ ಸಿಗುತ್ತದೆ. ಅದರ ರವಿಕೆ ಹೊಲಿಸಲು ಹೆಚ್ಚುಕಡಿಮೆ ಅಷ್ಟೇ ಬೇಕು. ಅಳತೆ ತೆಗೆಯಲು ಮನಸ್ಸು ಮಾಡುವ ದರ್ಜಿ ಸಿಕ್ಕರೆ ಅವಳ ಪುಣ್ಯ. ಹೆಂಗಸರ ಚಪ್ಪಲಿ ಸಾಮಾನ್ಯವಾಗಿ 8ನೇ ನಂಬರಿಗೆ ನಿಂತುಬಿಡುತ್ತದೆ; ಅವಳ ಪಾದ 9 ಅಥವಾ 10. ಗಡ್ಡದ ನೀಲಿ ನೆರಳು ಬರೀ ಪೌಡರಿಗೆ ಮುಚ್ಚುವುದಿಲ್ಲ. ಮೊದಲು ಕೆಂಪುಕಿತ್ತಳೆ ಬಣ್ಣ ತೆಳ್ಳಗೆ ಸವರಿ, ಅದರ ಮೇಲೆ ಚರ್ಮಕ್ಕೆ ಹೊಂದುವ ಬಣ್ಣ ಹಚ್ಚಿ, ಆಮೇಲೆ ಪೌಡರು ಹಾಕಬೇಕು. ಇದನ್ನು ಮದುವೆಗೆ, ಜಾತ್ರೆಗೆ ಮಾತ್ರವಲ್ಲ, ಅಕ್ಕಿ ತರಲು ಹೋಗುವಾಗಲೂ ಹಚ್ಚಬೇಕು. ಇಲ್ಲದಿದ್ದರೆ ಬಸ್ ನಿಲ್ದಾಣದಲ್ಲಿ ನಾಲ್ಕು ಪುಂಡರು ಸುತ್ತುಗಟ್ಟುತ್ತಾರೆ.

ತೆರಿಗೆಯ ಸೊಗಸನ್ನೂ ನೋಡಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಕುಂಕುಮ, ಬಿಂದಿ, ಗಾಜಿನ ಬಳೆಗಳಿಗೆ ತೆರಿಗೆ ಬಿಟ್ಟರು. ಒಳ್ಳೆಯದೇ. ತುಟಿಯ ಬಣ್ಣಕ್ಕೆ ಶೇಕಡಾ 28 ಹಾಕಿ, ಅದೇ ನವೆಂಬರಿನಲ್ಲಿ 18ಕ್ಕೆ ಇಳಿಸಿದರು. 2025ರ ಸೆಪ್ಟೆಂಬರ್ 22ರಿಂದ ಮುಖದ ಪೌಡರು 5ಕ್ಕೆ ಇಳಿಯಿತು. ತುಟಿಯ ಬಣ್ಣ 18ರಲ್ಲೇ ಉಳಿಯಿತು. ಅದು ಉಳ್ಳವರ ಶೋಕಿ ಎಂದು ಲೆಕ್ಕ. ಯಾರಿಗೆ ಅದು ಶೋಕಿ, ಯಾರಿಗೆ ಅದು ಬೀದಿಯಲ್ಲಿ ಪೆಟ್ಟು ತಿನ್ನದೆ ನಡೆಯುವ ಉಪಾಯ, ಎಂದು ಅವರು ಕೇಳಲಿಲ್ಲ.

ಕೈಯಲ್ಲಿ ಕಾಸಿಲ್ಲದವಳಿಗೆ ಅಗ್ಗದ ವಿಷ ಕಾದಿರುತ್ತದೆ. ಬಿಳಿಯಾಗಿಸುತ್ತೇವೆ ಎಂದು ಮಾರುವ ಕ್ರೀಮುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್, ಕೆಲವಕ್ಕೆ ಪಾದರಸ ಬೆರೆಸಿರುತ್ತಾರೆ. ನಾಲ್ಕು ದಿನ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ ಉರಿಯುತ್ತದೆ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು 2018ರಲ್ಲೇ ಕೇಂದ್ರ ಸರ್ಕಾರ ಕಟ್ಟಳೆ ಮಾಡಿತು. ಕಟ್ಟಳೆ ಕಾಗದದಲ್ಲಿದೆ, ಮುಲಾಮು ಅಂಗಡಿಯ ಕಪಾಟಿನಲ್ಲಿದೆ.

"ಇಷ್ಟು ಕಷ್ಟವೇಕೆ? ಪ್ಯಾಂಟು ಷರ್ಟು ಹಾಕಿಕೊಂಡು ಕೂಲಿಗೆ ಹೋಗಲಿ" ಎನ್ನುವವರಿದ್ದಾರೆ. ಕಾರ್ಮಿಕ ಬಂಧುಗಳೇ, ನಿಮ್ಮಲ್ಲೊಬ್ಬರಿಗೆ ನಾಳೆಯಿಂದ ಸೀರೆ ಉಟ್ಟೇ ಪಾಳಿಗೆ ಬರಬೇಕೆಂದು ಮಾಲೀಕ ಅಪ್ಪಣೆ ಮಾಡಿದರೆ ಎಷ್ಟು ದಿನ ಸಹಿಸುತ್ತೀರಿ? ಅವಳು ಹದಿನೆಂಟು ವರ್ಷ ಸಹಿಸಿದ್ದಾಳೆ. ಇನ್ನು ಕೂಲಿಯ ಮಾತು. ಷರ್ಟು ತೊಟ್ಟು ಹೋದರೆ ನಡಿಗೆ ನೋಡಿ ನಗುತ್ತಾರೆ. ಸೀರೆ ಉಟ್ಟು ಹೋದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಅಂದವಾಗಿ, ಅಚ್ಚುಕಟ್ಟಾಗಿ, ಹೆಣ್ಣೆಂದು ಒಪ್ಪುವಂತೆ ಹೋದರೆ ಮಾತ್ರ ಒಂದಿಷ್ಟು ಆಸೆ. ಅವಳ ಪಾಲಿಗೆ ಜುಟ್ಟಿನ ಮಲ್ಲಿಗೆ ಇದ್ದರೇ ಹೊಟ್ಟೆಗೆ ಹಿಟ್ಟು. ಗಾದೆ ಅಲ್ಲಿಗೆ ತಲೆಕೆಳಗಾಗುತ್ತದೆ.

ಈ ಸೀರೆಯ ಮೇಲೆ ಸರ್ಕಾರಗಳ ಕಣ್ಣು ಇಂದಿನದಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಾಗ, ಉತ್ತರದ ಪ್ರಾಂತಗಳಲ್ಲಿ ಇಂಥವರ ಹೆಸರನ್ನು ಪೊಲೀಸ್ ಪಟ್ಟಿಗೆ ಸೇರಿಸಿದರು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು, ಒಡವೆ ಹಾಕಿ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಬಂಧನ, ಎರಡು ವರ್ಷದವರೆಗೆ ಸೆರೆ. ಅದೇ ಅಚ್ಚಿನಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ 1919ರಲ್ಲಿ ಕಾನೂನು ಮಾಡಿತು. ನಮ್ಮ ಕಲಬುರಗಿ, ಬೀದರ, ರಾಯಚೂರು ಆಗ ಆ ಸಂಸ್ಥಾನದಲ್ಲೇ ಇದ್ದವು. ನಿಜಾಮರು ಹೋದರು, ಸಂಸ್ಥಾನ ಹೋಯಿತು. ಆ ಕಾನೂನನ್ನು ತೆಲಂಗಾಣ ಹೈಕೋರ್ಟು ರದ್ದು ಮಾಡಿದ್ದು 2023ರಲ್ಲಿ. ಸೀರೆ ಉಟ್ಟದ್ದೇ ಅಪರಾಧವೆಂಬ ಬರಹ ನೂರು ವರ್ಷ ದಾಟಿ ಬದುಕಿತು!

ಈ ನಡುವೆ, 2014ರ ಏಪ್ರಿಲ್ 15ರಂದು, ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತ್ತು: ತಾನು ಯಾರೆಂಬುದನ್ನು ಉಡುಪಿನಿಂದ, ಮಾತಿನಿಂದ, ನಡೆಯಿಂದ ತೋರಿಸಿಕೊಳ್ಳುವುದು ಸಂವಿಧಾನ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಶೇಕಡಾ 1 ಮೀಸಲಾತಿ ಕೊಟ್ಟಿತು. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ಅವಳಿಗೂ ಸರ್ಕಾರಿ ಬಸ್ಸಿನ ಬಾಗಿಲು ತೆರೆಯಿತು. ಬಸ್ಸು ಅವಳನ್ನು ಪೇಟೆಗೆ ತಂದು ಇಳಿಸುತ್ತದೆ. ಅಂಗಡಿಯ ಬಾಗಿಲು ತೆರೆಯಬೇಕಾದವರು ಯಾರು? ನಾವು.

ನಾವೇನು ಸೀರೆ ಉಟ್ಟ ಇಂಥವರನ್ನು ಕಾಣದವರೇ? ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪ ಕೊಡ ಹೊತ್ತು ಬಂದರೆ ಕಾಲಿಗೆರಗಿ ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಜೋಗತಿ ಕುಣಿತದ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ಚಪ್ಪಾಳೆ ತಟ್ಟಿದೆವು. ದೇವರ ಸನ್ನಿಧಿಯಲ್ಲಿ ಪೂಜ್ಯವಾದ ಸೀರೆ, ರಾಷ್ಟ್ರಪತಿ ಭವನದಲ್ಲಿ ಮಾನ್ಯವಾದ ಸೀರೆ, ನಮ್ಮ ಅಂಗಡಿಯ ಮೆಟ್ಟಿಲಲ್ಲಿ ಮೈಲಿಗೆಯಾಯಿತೇ?

ಉಪದೇಶ ಸಾಕು, ಕೆಲಸದ ಮಾತಾಡೋಣ. ಬಟ್ಟೆ ವ್ಯಾಪಾರಿಗಳು ತೊಟ್ಟು ನೋಡಲು ಚಿಲಕವಿರುವ ಒಂದು ಕೋಣೆಯನ್ನು ಎಲ್ಲರಿಗೂ ಬಿಡಲಿ. ಮೂಲೆಗೊಂದು ಪರದೆ, ಎರಡು ಹಲಗೆ, ಅದಕ್ಕೇನು ಮಹಾ ಖರ್ಚು? ಚಪ್ಪಲಿ ಅಂಗಡಿಯವರು ದೊಡ್ಡ ನಂಬರಿನ ನಾಲ್ಕು ಜೊತೆ ತರಿಸಿಡಲಿ, ಕೊಳ್ಳುವವರು ಬರುತ್ತಾರೆ. ದರ್ಜಿ ಬಂಧುಗಳು ಅಳತೆ ಪಟ್ಟಿಗೆ ಲಿಂಗವಿಲ್ಲವೆಂದು ನೆನೆಯಲಿ. ಗಿರಣಿಯ ಅಕ್ಕತಂಗಿಯರು ಹಳೇ ಸೀರೆಗಳನ್ನು ಸ್ಟೀಲ್ ಪಾತ್ರೆಯವನಿಗೆ ಹಾಕುವ ಮೊದಲು ಎರಡನ್ನು ತೆಗೆದಿಡಲಿ. ಅದನ್ನು ಭಿಕ್ಷೆಯೆಂದು ಎಸೆಯದೆ ತಂಗಿಗೆ ಕೊಟ್ಟಂತೆ ಕೊಡಲಿ. ಕಾರ್ಮಿಕ ಸಂಘಗಳು ಮಾಲೀಕರೆದುರು ಕೂತಾಗ ಅವಳಿಗೂ ಒಂದು ಕೆಲಸ, ಒಂದು ಸಮವಸ್ತ್ರ ಕೇಳಲಿ. ಕೂಲಿಯ ರೊಕ್ಕ ಕೈಗೆ ಬಂದರೆ ಸೀರೆ ಅವಳೇ ಕೊಳ್ಳುತ್ತಾಳೆ.

ಅಂದು ಆ ಹತ್ತು ರೂಪಾಯಿಯ ನಾಣ್ಯ ಗಲ್ಲಾದ ಮೇಲೆಯೇ ಉಳಿಯಿತು. ಅವಳು ಅದನ್ನು ಮುಟ್ಟದೆ ತನ್ನ ರೊಕ್ಕ ಎಣಿಸಿಕೊಟ್ಟಳು. ಗಿರಾಕಿ ಹೇಗಿರಬೇಕೆಂದು ಅವಳಿಗೆ ಗೊತ್ತಿದೆ. ವ್ಯಾಪಾರಿ ಹೇಗಿರಬೇಕೆಂದು ಕಲಿಯುವ ಸರದಿ ಈಗ ನಮ್ಮದು.