ತಿದ್ದಿದ ಉತ್ತರ ಪತ್ರಿಕೆ ಮತ್ತು ಸರಕಾರದ ಕಡತ

ಕಳೆದ ವಾರ ಇಬ್ಬರು ಹಳೆಯ ವಿದ್ಯಾರ್ಥಿಗಳು ಒಟ್ಟಿಗೆ ಮನೆಗೆ ಬಂದಿದ್ದರು. ಒಬ್ಬ ಸರಕಾರಿ ಅಧಿಕಾರಿ, ನಿವೃತ್ತಿಗೆ ಹತ್ತಿರವಾಗಿದ್ದಾನೆ. ಇನ್ನೊಬ್ಬ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಚಹಾ ಮುಗಿಯುವ ಮೊದಲೇ ಇಬ್ಬರಿಗೂ ವಾದ ಹತ್ತಿತು.

"ಸರ, ಈ ಮಾಹಿತಿ ಹಕ್ಕಿನವರ ಕಾಟ ತಾಳಲಾರದಂಗ ಆಗೇತ್ರಿ" ಎಂದ ಅಧಿಕಾರಿ.

"ಕಾಗದ ಸ್ವಚ್ಛ ಇದ್ರ ನಿಂಗ್ಯಾಕೋ ಹೆದರಿಕಿ?" ಎಂದ ಅಂಗಡಿಕಾರ.

ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡಿದರು. ಅಂದು ನಾನು ಹಾರಿಕೆಯ ಮಾತಾಡಿ ಅವರನ್ನು ಕಳುಹಿಸಿಬಿಟ್ಟೆ. ಕಾರಣ, ಈ ವಿಷಯದಲ್ಲಿ ತೀರ್ಪು ಕೊಡುವ ಮೊದಲು ನಾನೇ ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ನೆನಪು. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಗಣಿತದ ಉತ್ತರ ಪತ್ರಿಕೆಗಳನ್ನು ತಿದ್ದಿ, ಅಂಕಗಳನ್ನು ಮಾತ್ರ ಓದಿ ಹೇಳಿ, ಪತ್ರಿಕೆಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದೆ. ಅಂದಿನ ಮುಖ್ಯಾಧ್ಯಾಪಕರು ಅದನ್ನು ಕಂಡು, ಪತ್ರಿಕೆಗಳನ್ನು ಹುಡುಗರ ಕೈಗೆ ಮರಳಿ ಕೊಡಲು ಹೇಳಿದರು. ಕೊಟ್ಟ ಮೊದಲ ದಿನವೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ, ಕೂಡಿಸೂದು ತಪ್ಪೇತ್ರಿ" ಎಂದ. ನನಗೆ ಸಿಟ್ಟು ಬಂತು. ನೋಡಿದರೆ ಆರು ಅಂಕ ಕಡಿಮೆ ಬಿದ್ದಿದ್ದವು. ಗಣಿತದ ಮಾಸ್ತರನಿಗೆ ಕೂಡಿಕೆ ತಪ್ಪುವುದು ಎಂಥ ನಾಚಿಕೆ! ಆದರೆ ಅಂದಿನಿಂದ ನಾನು ಪ್ರತಿ ಪತ್ರಿಕೆಯನ್ನೂ ಎರಡು ಸಲ ಕೂಡಿಸತೊಡಗಿದೆ. ಎಲ್ಲರೂ ನೋಡುತ್ತಾರೆಂಬ ಅರಿವು ನನ್ನನ್ನು ಎಚ್ಚರದ ಮನುಷ್ಯನನ್ನಾಗಿ ಮಾಡಿತು.

ಎಷ್ಟೋ ವರ್ಷಗಳ ಮೇಲೆ, 2011ರ ಆಗಸ್ಟ್‌ನಲ್ಲಿ, ಪರೀಕ್ಷೆ ಬರೆದವನಿಗೆ ತನ್ನ ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಇದೆಯೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಾಗ ನನಗೆ ಆ ಹಿಂದಿನ ಬೆಂಚಿನ ಹುಡುಗನೇ ನೆನಪಾದ.

ಈಗ ಒಪ್ಪಿಕೊಳ್ಳಬೇಕಾದ ಸಂಗತಿ. ನಾನು 2004ರಲ್ಲಿ, ಆಗಿನ ನಿಯಮದಂತೆ 58ನೆಯ ವಯಸ್ಸಿಗೆ, ನಿವೃತ್ತನಾದೆ. ನನ್ನ ಪಿಂಚಣಿಯ ಕಾಗದಗಳು ಒಂದು ಕಚೇರಿಯಲ್ಲಿ ಐದು ತಿಂಗಳು ನಿಂತವು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಹೋದಾಗಲೆಲ್ಲ "ಫೈಲು ಮ್ಯಾಲೆ ಹೋಗೇತ್ರಿ ಸರ" ಎಂಬ ಒಂದೇ ಉತ್ತರ. ಮೇಲೆ ಎಂದರೆ ಯಾರ ಮೇಜಿಗೆ, ಯಾವ ತಾರೀಖಿಗೆ ಎಂದು ಕೇಳುವ ದಾರಿ ನನಗೆ ಗೊತ್ತಿರಲಿಲ್ಲ. ಕೊನೆಗೆ ಪರಿಚಯದವರೊಬ್ಬರು, "ಪೇಢೆ ಕೊಡಸ್ರಿ ಮಾಸ್ತರ, ಸುಮ್ನ ಯಾಕ ಅಡ್ಡಾಡ್ತೀರಿ" ಎಂದರು. ಆ ಪೇಢೆ ಲೈನ್ ಬಜಾರಿನಲ್ಲಿ ಸಿಗುವಂಥದ್ದಲ್ಲವೆಂದು ತಿಳಿಯದಷ್ಟು ಮುಗ್ಧ ನಾನಾಗಿರಲಿಲ್ಲ. ಲಕೋಟೆಯಲ್ಲಿ ಎರಡು ಸಾವಿರ ರೂಪಾಯಿ ಇಟ್ಟು ಕೊಟ್ಟೆ. ಮೂರನೆಯ ದಿನ ಕಾಗದ ಹೊರಬಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳಿದ ನಾನು ಇದನ್ನು ಹೆಂಡತಿಗೂ ಹೇಳಲಿಲ್ಲ.

2005ರ ಅಕ್ಟೋಬರ್ 12ರಂದು ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು. ನಮ್ಮ ಕರ್ನಾಟಕ ಅದಕ್ಕಿಂತ ಮೊದಲೇ, 2000ದಲ್ಲಿಯೇ, ತನ್ನದೇ ಒಂದು ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಆದರೆ ನನ್ನಂಥ ಓದಿದವನಿಗೂ ಅದರ ಅರಿವಿರಲಿಲ್ಲ. ಮರುವರ್ಷ ನಿವೃತ್ತನಾದ ನನ್ನ ಸಹೋದ್ಯೋಗಿಯ ಕಾಗದವೂ ಹಾಗೆಯೇ ನಿಂತಾಗ ಇಬ್ಬರೂ ಕುಳಿತು ಅರ್ಜಿ ಬರೆದೆವು. ಹತ್ತು ರೂಪಾಯಿ ಶುಲ್ಕ. ಕೇಳಿದ್ದು ಒಂದೇ: ಈ ಕಡತ ಯಾವ ತಾರೀಖಿಗೆ ಯಾರ ಬಳಿ ಬಂತು, ಯಾವಾಗ ಹೋಯಿತು? ಮೂವತ್ತು ದಿನಗಳ ಗಡುವು ಮುಗಿಯುವ ಮೊದಲೇ, ಉತ್ತರಕ್ಕಿಂತ ಮುಂಚೆ, ಪಿಂಚಣಿಯ ಆದೇಶವೇ ಬಂತು. ಲಂಚ ಬೇಡುವವನ ಬಲವೆಲ್ಲ ಆ 'ಮ್ಯಾಲೆ' ಎಂಬ ಮಾತಿನಲ್ಲಿತ್ತು. ಆ ಮಾತಿಗೆ ತಾರೀಖು ಕೇಳಿದೊಡನೆ ಬಲ ಹೋಯಿತು.

ಇದು ಸಣ್ಣ ಲಂಚದ ಕಥೆ. ದೊಡ್ಡದರ ಕಥೆಯೂ ಬೇರೆಯಲ್ಲ, ಮತ್ತು ಅದರ ಒಂದು ಎಳೆ ನಮ್ಮ ಧಾರವಾಡದಲ್ಲಿಯೇ ಇದೆ. 1984ರಲ್ಲಿ ಇಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯದ ಹೆಸರನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು, ಹಳ್ಳಿಯವರ ಒಪ್ಪಿಗೆ ಕೇಳದೆ, ನೀಲಗಿರಿ ನೆಡಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ವಹಿಸಿದಾಗ, 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಬೇರೆ ಉಪಯುಕ್ತ ಸಸಿ ನೆಟ್ಟರು. ಸುಪ್ರೀಂ ಕೋರ್ಟಿಗೂ ಹೋದರು. ಶಿವರಾಮ ಕಾರಂತರು ಜೊತೆಗಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಇದೇ ಸಂಸ್ಥೆ, ಎಸ್.ಆರ್. ಹಿರೇಮಠರ ಮುಂದಾಳುತನದಲ್ಲಿ, ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಅತ್ತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ತಮ್ಮ ಎರಡನೆಯ ವರದಿ ಸಲ್ಲಿಸಿ, ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ ಸುಮಾರು 16,085 ಕೋಟಿ ರೂಪಾಯಿ ಎಂದರು. ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ನಾಲ್ಕನೆಯ ದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. (ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತೆಂಬುದನ್ನೂ ಹೇಳಬೇಕು.) ಆ ವರದಿ ನಿಂತದ್ದು ಭಾಷಣಗಳ ಮೇಲಲ್ಲ. ಅದಿರು ಸಾಗಿಸಲು ಎಷ್ಟು ಪರವಾನಗಿ ಕೊಟ್ಟಿತ್ತು, ಬಂದರಿನಿಂದ ಹಡಗು ಹತ್ತಿದ್ದೆಷ್ಟು ಎಂಬ ಲೆಕ್ಕದ ಮೇಲೆ. ಒಂದು ವಹಿಯನ್ನು ಇನ್ನೊಂದರ ಪಕ್ಕಕ್ಕಿಟ್ಟು ಕೂಡಿಸಿ ಕಳೆಯುವ ಕೆಲಸ ಅದು.

ಆ ಕಾವಲು ಸಂಸ್ಥೆಯೂ ಶಾಶ್ವತವಾಗಿ ಕ್ಷೇಮವಾಗಿ ಉಳಿಯಲಿಲ್ಲ. 2015ರಲ್ಲಿ ಲೋಕಾಯುಕ್ತ ಕಚೇರಿಯೇ ಹಗರಣದಲ್ಲಿ ಸಿಲುಕಿ ಆಗಿನ ಲೋಕಾಯುಕ್ತರು ರಾಜೀನಾಮೆ ಕೊಡಬೇಕಾಯಿತು. 2016ರಲ್ಲಿ ಸರಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಹುಟ್ಟಿಸಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಮರಳಿಸಿತು. ಆದ್ದರಿಂದ ಯಾವನೋ ಒಬ್ಬ ಧೀರ ಬಂದು ನಮ್ಮನ್ನು ಕಾಯುತ್ತಾನೆಂದು ಕುಳಿತರೆ ಆಗದು.

ನನ್ನ ಅಧಿಕಾರಿ ಶಿಷ್ಯನ ಅಳಲಿನಲ್ಲಿಯೂ ಸತ್ಯವಿದೆ. ಮಾಹಿತಿ ಕೇಳುವ ನೆಪದಲ್ಲಿ ಹಣ ಕೀಳುವವರು ಇದ್ದಾರೆ. ಉತ್ತರ ಪತ್ರಿಕೆಯ ತೀರ್ಪಿನಲ್ಲಿಯೇ ಸುಪ್ರೀಂ ಕೋರ್ಟ್, ಕಚೇರಿಯ ಮುಕ್ಕಾಲು ಪಾಲು ಸಿಬ್ಬಂದಿ ಮುಕ್ಕಾಲು ಪಾಲು ಹೊತ್ತು ಮಾಹಿತಿ ಒದಗಿಸುವುದರಲ್ಲಿಯೇ ಕಳೆಯುವಂತಾಗಬಾರದೆಂದು ಎಚ್ಚರಿಸಿತ್ತು. ಆದರೆ ಇದಕ್ಕೆ ಮದ್ದು ಬೀಗವಲ್ಲ. ಕಾಯ್ದೆಯ 4ನೆಯ ಸೆಕ್ಷನ್ ಹೇಳುವುದನ್ನು ನೋಡಿ: ಕಚೇರಿ ತನ್ನ ಕೆಲಸ, ಖರ್ಚು, ಫಲಾನುಭವಿಗಳ ವಿವರಗಳನ್ನು ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕು. ನಮ್ಮ ಓಣಿಯ ರಸ್ತೆಯ ಅಂದಾಜು ವೆಚ್ಚ, ಗುತ್ತಿಗೆದಾರ, ಮುಗಿಯಬೇಕಾದ ತಾರೀಖು ಫಲಕದ ಮೇಲೆ ಸ್ಪಷ್ಟವಾಗಿದ್ದರೆ ಅರ್ಜಿ ಬರೆಯುವವನಾರು? ಹೆದರಿಸಿ ಹಣ ಕೀಳುವವನು ಬದುಕುವುದೂ ಮುಚ್ಚಿಟ್ಟ ಕಾಗದದ ಮೇಲೆಯೇ.

ಆದರೆ ಗಾಳಿ ಬೀಸುತ್ತಿರುವುದು ಎದುರು ದಿಕ್ಕಿನಿಂದ. 2008ರಿಂದ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ; ಪ್ರಬಂಧದ ಪ್ರಶ್ನೆಗೂ ನಾನು ಇದಕ್ಕಿಂತ ಹೆಚ್ಚು ಜಾಗ ಕೊಡುತ್ತಿದ್ದೆ. ಆಯೋಗವು ಎರಡನೆಯ ಮೇಲ್ಮನವಿಯನ್ನು ಇಷ್ಟು ದಿನದಲ್ಲಿ ತೀರ್ಮಾನಿಸಬೇಕೆಂಬ ಗಡುವೇ ಕಾಯ್ದೆಯಲ್ಲಿಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ 8ನೆಯ ಸೆಕ್ಷನ್ ತಿದ್ದುಪಡಿಯಾಗಿದೆ. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯನಿಗೂ ನಿರಾಕರಿಸುವಂತಿಲ್ಲ ಎಂಬ ಮಾತು ಅಲ್ಲಿಂದ ಮರೆಯಾಯಿತು. ಸಾರ್ವಜನಿಕ ಹಿತವಿದ್ದರೆ ಮಾಹಿತಿ ಕೊಡಬಹುದೆಂಬ ಇನ್ನೊಂದು ಉಪಸೆಕ್ಷನ್ ಉಳಿದಿದೆ, ನಿಜ. ಆದರೆ ಹೆಸರೊಂದಿದ್ದ ಮಾತ್ರಕ್ಕೆ ಕಾಗದವನ್ನು ವೈಯಕ್ತಿಕವೆಂದು ಮುಚ್ಚುವುದು ಈಗ ಸುಲಭ. ನನ್ನ ಸಹೋದ್ಯೋಗಿಯ ಕಡತ ಯಾರ ಮೇಜಿನ ಮೇಲಿತ್ತು ಎಂಬುದೂ ಒಬ್ಬರ ಹೆಸರೇ ಅಲ್ಲವೆ?

ನಾನೂ ದಣಿದವನೇ. ಮುಂದೊಮ್ಮೆ ಶಾಲೆಯೊಂದರ ದುರಸ್ತಿಯ ಖರ್ಚು ಕೇಳಿ ಅರ್ಜಿ ಹಾಕಿದೆ. "ಈ ಕಚೇರಿಯಲ್ಲಿ ಲಭ್ಯವಿಲ್ಲ" ಎಂದು ಒಂದು ಸಾಲಿನ ಉತ್ತರ ಬಂತು. ಮೇಲ್ಮನವಿ ಹಾಕಬೇಕಿತ್ತು, ಮಂಡಿ ನೋವೆಂದು ಸುಮ್ಮನಾದೆ. ಲಂಚ ಕೊಟ್ಟದ್ದರಷ್ಟೇ ಆ ಸುಮ್ಮನಿದ್ದದ್ದೂ ತಪ್ಪೆಂದು ಈಗ ಅನ್ನಿಸುತ್ತದೆ.

ಆದ್ದರಿಂದ ಅಂದು ಕೊಡದ ತೀರ್ಪು ಇಷ್ಟು. ಅಧಿಕಾರಿಯಾಗಿರುವ ತಮ್ಮಾ, ನಿವೃತ್ತಿಯ ಮೊದಲು ನಿನ್ನ ಕಚೇರಿಯ ಕಾಮಗಾರಿಗಳ ಪಟ್ಟಿಯನ್ನು ಬಾಗಿಲ ಬಳಿ ತೂಗುಹಾಕು. ನಿನ್ನ ಕಾಟ ಅರ್ಧ ತೀರುತ್ತದೆ. ಅಂಗಡಿಯ ತಮ್ಮಾ, ಮುಂದಿನ ಸಲ ಪರವಾನಗಿಗಾಗಿ ಹೋದಾಗ ಪೇಢೆ ಕೊಡಿಸಬೇಡ, ತಾರೀಖು ಕೇಳು. ಅರ್ಜಿ ಬರೆಯಲು ಬಾರದಿದ್ದರೆ ಮನೆಗೆ ಬಾ, ನಾನು ಬರೆದುಕೊಡುತ್ತೇನೆ.

ಉಳಿದವರಿಗೂ ಒಂದು ಮಾತು. ನಾನು ಬರೆದ ಈ ಲೆಕ್ಕದಲ್ಲಿ ಎಲ್ಲಿಯಾದರೂ ಕೂಡಿಕೆ ತಪ್ಪಿದ್ದರೆ, ಹಿಂದಿನ ಬೆಂಚಿನವರಾದರೂ ಸರಿ, ಎದ್ದು ನಿಂತು ಹೇಳಿರಿ. ಈಗ ನಾನು ಸಿಟ್ಟಾಗುವುದಿಲ್ಲ.